ತುರುಬಿಗೆ ಜಾಗವಿಲ್ಲದ ಹೆಲ್ಮೆಟ್ಟು

ಉಚ್ಚಂಗಮ್ಮ ಮೂರನೆಯ ಸಲ ತುರುಬು ಕಟ್ಟುತ್ತಿದ್ದಳು. ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡಿದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ಅವಳಿಗೆ ಅದೇ ದೊಡ್ಡ ಸಂಕಟವಾಗಿತ್ತು.

ತುರುಬು ತೀರಿಹೋದ ರಾಜೇಶ್ವರಮ್ಮನದು. ಉಚ್ಚಂಗಮ್ಮನಿಗೆ ತಮ್ಮನ ಹೆಂಡತಿ. ಚಂದ್ರಗುತ್ತಿ ಸುತ್ತಿನ ಆರು ಹಳ್ಳಿಗಳಿಗೆ ಸರ್ಕಾರಿ ನರ್ಸು, ಜನರ ಬಾಯಲ್ಲಿ ಸಿಸ್ಟ್ರಮ್ಮ. ಭಾನುವಾರ ಇಡೀ ದಿನ ಮಕ್ಕಳಿಗೆ ಪೋಲಿಯೋ ಹನಿ ಹಾಕಿ ಸೊರಬದ ಮನೆಗೆ ಬಂದವಳು, ಸೋಮವಾರ ಬೆಳಿಗ್ಗೆ ಐದು ಗಂಟೆಗೆ ಎದೆನೋವು ಅಂದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತೊಂದು ವರ್ಷ. ಇನ್ನೂ ಏಳು ವರ್ಷ ಸರ್ವಿಸ್ ಬಾಕಿ ಇತ್ತು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ ಒಯ್ಯುತ್ತಾರೆ. ಮಣ್ಣಿನೊಳಗೂ ಕೂರಿಸಿಯೇ ಇಡುತ್ತಾರೆ. ಹಾಗಾಗಿ ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ನಡುಮನೆಯ ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿದ್ದರು. ತಲೆ ನಿಲ್ಲಲಿ ಎಂದು ಹಣೆಯ ಮೇಲೊಂದು ಬಿಳಿ ಬಟ್ಟೆಯ ಪಟ್ಟಿ ಹಾಯಿಸಿ ಹಿಂದಿನ ಗೂಟಕ್ಕೆ ಕಟ್ಟಿದ್ದರು. ಪಟ್ಟಿ ಏನೋ ಗಟ್ಟಿಯಾಗಿಯೇ ಇತ್ತು. ಆದರೆ ತುರುಬು ಕಟ್ಟಿ ಕೈಬಿಟ್ಟರೆ ಸಾಕು, ತಲೆ ಮೆಲ್ಲಗೆ ಮುಂದಕ್ಕೆ ಬಂದು ಗದ್ದ ಎದೆಗೆ ತಗಲುತ್ತಿತ್ತು.

"ಅತ್ತೆ, ತುರುಬು ಬೇಡ," ಎಂದಳು ವಾಣಿಶ್ರೀ. ರಾಜೇಶ್ವರಮ್ಮನ ಒಬ್ಬಳೇ ಮಗಳು, ಬಿ.ಎಡ್. ಮುಗಿಸಿ ಊರಿನಲ್ಲೇ ಪಾಠ ಹೇಳುತ್ತಿದ್ದಳು. "ಅಮ್ಮ ತುರುಬು ಬಿಟ್ಟು ಐದು ವರ್ಷ ಆಯ್ತು. ಜಡೆ ಹಾಕಿ."

ಉಚ್ಚಂಗಮ್ಮ ಪಿನ್ನುಗಳನ್ನು ಬಾಯಿಂದ ತೆಗೆದಳು. ಇಷ್ಟು ಹೊತ್ತು ತಡೆದಿಟ್ಟ ಮಾತೆಲ್ಲ ಒಟ್ಟಿಗೆ ಬಂತು. "ಮುತ್ತೈದೆ ಸಾವು ಕಣೆ ಇದು. ಎಷ್ಟು ಜನಕ್ಕೆ ಸಿಗ್ತದೆ ಇಂಥ ಪುಣ್ಯ? ತುರುಬು ಕಟ್ಟಿ, ಹೂ ಮುಡಿಸಿ, ಗೌರಮ್ಮನ ಹಂಗೆ ಕಳಿಸ್ಬೇಕು. ಸ್ಕೂಲ್ ಹುಡುಗೀರ ಹಂಗೆ ಜಡೆ ಇಳಿಬಿಟ್ಟು ಕಳಿಸಿದ್ರೆ ಉಡುತಡಿಯಿಂದ ಬರೋ ನಮ್ಮ ಜನ ಏನಂತಾರೆ? ಇಷ್ಟು ವರ್ಷ ಅವಳು ಹೇಳಿಸ್ಕೊಂಡಿದ್ದು ಸಾಲ್ದಾ? ಇವತ್ತೊಂದು ದಿನ ನಾನಿದ್ದೀನಿ. ಇವತ್ತು ಯಾರೂ ಅವಳ ಬಗ್ಗೆ ಒಂದು ಮಾತು ಆಡಬಾರದು."

ಹೀಗೆ ಅಂದವಳೇ ಅವಳ ಬಗ್ಗೆ ಅತಿ ಹೆಚ್ಚು ಮಾತಾಡಿದವಳು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಉಚ್ಚಂಗಮ್ಮನಿಗೂ ಗೊತ್ತಿತ್ತು. ಅದಕ್ಕೇ ಇರಬೇಕು, ಅವಳ ಕೈ ಇಷ್ಟೊಂದು ಮುತುವರ್ಜಿಯಿಂದ ಓಡಾಡುತ್ತಿದ್ದುದು.

ಅಂಗಳದಲ್ಲಿ ಬಿದಿರು ಸೀಳುತ್ತಿದ್ದ ನೆರೆಮನೆಯ ರಾಜಪ್ಪ ಬಾಗಿಲಲ್ಲಿ ಇಣುಕಿದ. ಊರಿನ ಯಾವ ಸಾವಿಗೂ ವಿಮಾನ ಕಟ್ಟುವವನು ಅವನೇ. "ಏನ್ ಮಾಡೋದಿದ್ರೂ ಬೇಗ ಮಾಡ್ರಮ್ಮ. ಇನ್ನೊಂದು ಗಂಟೇಲಿ ಕುತ್ತಿಗೆ ಸೆಟೆದುಕೊಳ್ತದೆ. ಆಮೇಲೆ ಹೆಂಗಿದ್ರೆ ಹಂಗೇ. ತಲೆ ಬಗ್ಗಿದ್ರೆ ಬಗ್ಗಿಕೊಂಡೇ ಹೋಗ್ಬೇಕು."

ವಾಣಿಶ್ರೀ ತಾಯಿಯನ್ನು ನೋಡಿದಳು. ಏನೋ ತಪ್ಪು ಮಾಡಿ ಹೆಡ್‌ಮಾಸ್ತರ ಮುಂದೆ ಕೂತವಳಂತೆ ಕೂತಿದ್ದಳು ರಾಜೇಶ್ವರಮ್ಮ. ಇನ್ನು ಸ್ವಲ್ಪ ಹೊತ್ತಿಗೆ ಆರು ಹಳ್ಳಿಯ ಜನ ಬಂದು ಇವಳನ್ನು ಹೀಗೇ ನೋಡುತ್ತಾರೆ, ನೆನಪಿಟ್ಟುಕೊಂಡರೆ ಹೀಗೇ ಇಟ್ಟುಕೊಳ್ಳುತ್ತಾರೆ ಎಂದು ಹೊಳೆದದ್ದೇ ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

*

ರಾಜೇಶ್ವರಮ್ಮ ಇಲಾಖೆಯ ಸಾಲದಲ್ಲಿ ಲೂನಾ ತೆಗೆದುಕೊಂಡಾಗ ಅವಳಿಗೆ ನಲವತ್ನಾಲ್ಕು. ಸೀರೆ ಮಂಡಿಯ ಕೆಳಗೆ ಸಿಕ್ಕಿಸಿಕೊಂಡು, ಲಸಿಕೆಯ ಐಸ್ ಡಬ್ಬಿಯನ್ನು ಹಿಂದೆ ಕಟ್ಟಿಕೊಂಡು ಚಂದ್ರಗುತ್ತಿ ರಸ್ತೆಗೆ ಹೊರಟಾಗ ಸೊರಬದ ಅರ್ಧ ಪೇಟೆ ಬಾಗಿಲಿಗೆ ಬಂದು ನಿಂತಿತ್ತು. ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ಒಂದು ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಎಮ್ಮೆಗೆ ಏನೂ ಆಗಲಿಲ್ಲ. ರಾಜೇಶ್ವರಮ್ಮ ಹಣೆ ಊದಿಸಿಕೊಂಡು, ಅದೇ ಹಣೆಯಲ್ಲಿ ಸಂಜೆಯವರೆಗೆ ಹನ್ನೊಂದು ಕೂಸುಗಳಿಗೆ ಚುಚ್ಚುಮದ್ದು ಕೊಟ್ಟು ಮನೆಗೆ ಬಂದಳು.

"ನನಗೊಂದು ಹೆಲ್ಮೆಟ್ ಬೇಕು ಕಣ್ರಿ," ಎಂದಳು ಗಂಡನಿಗೆ.

ಗಂಡ ಪರಮಶಿವಪ್ಪ ಸೊರಬದ ಹಳೆಯ ಟೈಲರ್. ಮಿತಭಾಷಿ. ಕೊರಳಲ್ಲಿ ಟೇಪು ಸದಾ ಇದ್ದೇ ಇರುತ್ತಿತ್ತು, ಊಟಕ್ಕೆ ಕೂತಾಗಲೂ. ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ ತಲೆಯ ಅಳತೆ ತೆಗೆದ. ತುರುಬಿನ ಮೇಲೆಯೇ ಟೇಪು ಸುತ್ತಿದ. ಅದರ ಮೇಲೆ, ಮೂವತ್ತು ವರ್ಷದ ಕೈ ತಾನಾಗಿಯೇ ಮಾಡುವ ಹಾಗೆ, ಎರಡಿಂಚು ಲೂಸು ಸೇರಿಸಿ ಚೀಟಿಯಲ್ಲಿ ಬರೆದುಕೊಂಡ. ಉಸಿರಾಡಲು ಜಾಗ ಬಿಡದೆ ಯಾವ ಟೈಲರೂ ಏನನ್ನೂ ಹೊಲಿಯುವುದಿಲ್ಲ. ಲೈನಿಂಗ್ ಬಟ್ಟೆ ತರಲು ಶಿಕಾರಿಪುರಕ್ಕೆ ಹೋದವನು ಚೀಟಿ ತೋರಿಸಿ ಒಂದು ಹೆಲ್ಮೆಟ್ ತಂದ.

ರಾಜೇಶ್ವರಮ್ಮ ಅದನ್ನು ಹಾಕಿಕೊಂಡು ಬಲಕ್ಕೆ ತಿರುಗಿದಳು. ಅವಳು ತಿರುಗಿದಳು, ಹೆಲ್ಮೆಟ್ ತಿರುಗಲಿಲ್ಲ.

"ವಾಣಿ, ನಾನೆಲ್ಲಿದ್ದೀನಿ ನೋಡೇ," ಎಂದು ಒಳಗಿನಿಂದ ಕೇಳಿದಳು. ಮಗಳು ನಕ್ಕು ನಕ್ಕು ಕೆಳಗೆ ಕೂತಳು. ಪರಮಶಿವಪ್ಪ ಮಾತ್ರ ನಗಲಿಲ್ಲ. ಅವನು ಹೊಲಿದ ರವಿಕೆ ಇವತ್ತಿನವರೆಗೆ ಯಾರದೂ ವಾಪಸ್ ಬಂದಿರಲಿಲ್ಲ.

"ಒಳಗೆ ಸ್ಪಂಜು ಕೂರಿಸಿ ಆಲ್ಟ್ರೇಷನ್ ಮಾಡಿಕೊಡ್ತೀನಿ," ಎಂದ.

"ರವಿಕೆ ಅಲ್ಲ ರೀ ಇದು. ತಲೆಗೆ ಬ್ಯಾಂಡೇಜ್ ಕಟ್ಟೋದನ್ನ ನಾನು ನಿಮಗೆ ಹೇಳ್ಕೊಡ್ಲಾ? ಸಡಿಲ ಆದ್ರೆ ಇದ್ದೂ ಇಲ್ದ ಹಾಗೆ. ಬರೋ ವಾರ ನಾನೇ ಬರ್ತೀನಿ. ಹಾಕ್ಕೊಳ್ಳೋ ತಲೆ ಅಂಗಡಿಗೆ ಹೋಗದೆ ಆಗೋ ಕೆಲಸ ಅಲ್ಲ ಇದು."

*

ಒಂಬತ್ತು ಗಂಟೆಯ ಹೊತ್ತಿಗೆ ಹಳ್ಳಿಗಳಿಂದ ಜನ ಬರತೊಡಗಿದರು. ಮೊದಲು ಬಂದವಳು ಗುಡ್ಡಮ್ಮ, ಚಂದ್ರಗುತ್ತಿಯ ಹತ್ತಿರ ಕುರಿ ಸಾಕಿಕೊಂಡಿದ್ದವಳು. ಜೊತೆಯಲ್ಲಿ ಗಂಡ ಮಾಳೇಶ. ಅವಳ ಮೂರು ಹೆರಿಗೆಯೂ ರಾಜೇಶ್ವರಮ್ಮನ ಕೈಯಲ್ಲೇ ಆಗಿದ್ದವು.

ಮಾಳೇಶ ಜಗಲಿಯಲ್ಲಿ ಗಂಡಸರ ಜೊತೆ ಕೂತ. ಗೋಡೆಯ ಮೊಳೆಗೆ ತೂಗುಹಾಕಿದ್ದ ಕೆಂಪು ಹೆಲ್ಮೆಟ್ಟನ್ನು ನೋಡಿದ.

"ನಮ್ ಕಡೆ ಹುಡುಗ್ರಿಗೆ ಇದನ್ನ ಕಂಡ್ರೆ ಜ್ವರ ಬರ್ತಿತ್ರೀ," ಎಂದ. "ಕೆಂಪು ತಲೆ ಬಂತು ಅಂದ್ರೆ ಸೂಜಿ ಬಂತು ಅಂತ್ಲೇ ಲೆಕ್ಕ. ಕುರಿ ಹಟ್ಟಿ ಒಳಗೆ ಹೋಗಿ ಅಡಗಿ ಕೂತ್ಕೊಳ್ಳೋವು."

"ಒಂದ್ಸಲ ಬಿದ್ದಿದ್ರಂತಲ್ಲ?" ಯಾರೋ ಕೇಳಿದರು.

"ನಾನೇ ಎತ್ತಿದ್ದು. ಮೋರಿ ಕಲ್ಲಿಗೆ ತಲೆ ಹೊಡೀತು, ಆ ಸದ್ದು ನಮ್ಮ ಹೊಲದವರೆಗೆ ಕೇಳ್ತು. ಹೋಯ್ತು ಅಂದ್ಕೊಂಡು ಓಡಿದ್ರೆ ಎದ್ದು ಕೂತವ್ರೆ. ತಲೆ ಮೇಲಿಂದು ಒಂಚೂರು ಅಲ್ಲಾಡಿಲ್ಲ, ಇಲ್ಲೊಂದು ಗೀರು ಬಿದ್ದದೆ ನೋಡಿ, ಅಷ್ಟೇ. ನನ್ನ ನೋಡಿ, 'ಮಾಳೇಶ, ಐಸ್ ಡಬ್ಬಿ ಮುಚ್ಚಳ ತೆಗೆದೈತಾ ನೋಡು' ಅಂದ್ರು."

ಯಾರೋ ಒಬ್ಬ ಗೀರು ಮುಟ್ಟಿ ನೋಡಿ, ಹೆಲ್ಮೆಟ್ಟನ್ನು ತಲೆಗೆ ಇಳಿಸಲು ನೋಡಿದ. ಕಿವಿಯ ಹತ್ತಿರ ಸಿಕ್ಕಿಕೊಂಡಿತು. ನಾಚಿಕೊಂಡು ಮತ್ತೆ ಮೊಳೆಗೆ ಹಾಕಿದ.

ಒಳಗೆ ಗುಡ್ಡಮ್ಮ ರಾಜೇಶ್ವರಮ್ಮನ ಮುಂದೆ ಕೂತಿದ್ದಳು. ಕೂತವಳು ಬಗ್ಗಿದಳು. ಇನ್ನಷ್ಟು ಬಗ್ಗಿ, ಅಂಗೈಯನ್ನು ನೆಲಕ್ಕೆ ಊರಿ, ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಮುಖಾನೇ ಕಾಣ್ವಲ್ದಲ್ರವ್ವಾ," ಎಂದಳು. "ಇವ್ರು ತಲೆ ಬಗ್ಗಿಸಿದ್ದು ನಾನು ಒಂದಿನಾನೂ ನೋಡಿಲ್ಲ. ಎಂಥ ಸಾಹುಕಾರನ ಮನೆಯಾಗಾದ್ರೂ ಮುಖ ಕೊಟ್ಟು ಮಾತಾಡೋರು. ಹೋಗೋ ದಿನ ಯಾಕೆ ಹಿಂಗೆ ಕುಂದ್ರಿಸೀರಿ?"

ಉಚ್ಚಂಗಮ್ಮ ಎದ್ದು ಹೋಗಿ ಹಣೆಯ ಪಟ್ಟಿಯನ್ನು ಇನ್ನಷ್ಟು ಬಿಗಿದಳು. ಪಟ್ಟಿ ಮೇಲಕ್ಕೆ ಜಾರಿತು, ತಲೆ ಇದ್ದಲ್ಲೇ ಇತ್ತು.

*

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಮಹೇಶ್ವರಪ್ಪನ ಅಂಗಡಿ. ಟಯರು, ಸೀಟ್ ಕವರು, ಕನ್ನಡಿ, ಮೇಲೆ ತಂತಿಗೆ ಸಾಲಾಗಿ ಕಟ್ಟಿದ ಹೆಲ್ಮೆಟ್ಟುಗಳು. ಗಂಡ, ಮಗಳನ್ನು ಕರೆದುಕೊಂಡು ಬಂದ ರಾಜೇಶ್ವರಮ್ಮ ಹಳೆಯದನ್ನು ಕೌಂಟರಿನ ಮೇಲಿಟ್ಟಳು.

"ಇದು ಇವ್ರಿಬ್ರಿಗೂ ಸೇರಿ ಆಗುತ್ತೆ. ನನಗೆ ನನ್ನ ಸೈಜ್ ಕೊಡಿ."

"ಹೆಣ್ಮಕ್ಳಿಗೆ ಅಂತ ಬ್ಯಾರೆ ಬರಂಗಿಲ್ರೀ ಅಕ್ಕಾರ," ಎಂದ ಮಹೇಶ್ವರಪ್ಪ. "ಒಳಗೊಂದು ಟವೆಲ್ ಸುತ್ಕೊಳ್ರಿ, ಜಮ್ ಅಂತ ಕುಂದರ್ತೈತಿ."

"ಬಿದ್ದಾಗ ಟವೆಲ್ ಒಂದ್ಕಡೆ, ತಲೆ ಒಂದ್ಕಡೆ. ಇಳಿಸಿ, ನೋಡೋಣ."

ಒಂದೊಂದನ್ನೇ ಇಳಿಸಿದ. ಅವಳು ಒಂದೊಂದನ್ನೇ ಮಗುಚಿ ಒಳಗಿನ ನಂಬರು ಓದಿದಳು. ಐವತ್ತೆಂಟು. ಅರವತ್ತು. ಮತ್ತೆ ಐವತ್ತೆಂಟು. ಐವತ್ತಾರು ಒಂದಿತ್ತು, ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿದು ತಿರುವಿದಳು, ಸುಲಭವಾಗಿ ತಿರುಗಿತು. ತೆಗೆದಿಟ್ಟಳು. ಎಂಟು ಆದವು. ಮಹೇಶ್ವರಪ್ಪನಿಗೆ ಹಟ ಬಂತು. ಅಟ್ಟಕ್ಕೆ ಏಣಿ ಹಾಕಿ, ಧೂಳು ಹಿಡಿದ ಒಂದು ಕೆಂಪು ಹೆಲ್ಮೆಟ್ ತಂದ. ಐವತ್ನಾಲ್ಕು. ಯಾವ ಗಂಡಸಿಗೂ ಹಿಡಿಸದೆ ಎರಡು ವರ್ಷದಿಂದ ಬಿದ್ದದ್ದು.

ರಾಜೇಶ್ವರಮ್ಮ ಹಾಕಿಕೊಂಡಳು. ಅದು ತುರುಬಿನ ಮೇಲೆ, ಸಿಂಬಿಯ ಮೇಲಿನ ಕೊಡದ ಹಾಗೆ ಕೂತಿತು. ಹುಬ್ಬಿನವರೆಗೂ ಇಳಿಯಲಿಲ್ಲ.

"ನೋಡಿದ್ರಿಲ್ಲೋ? ಸಣ್ಣದಾತು," ಎಂದ ಮಹೇಶ್ವರಪ್ಪ.

ಅವಳು ಹೆಲ್ಮೆಟ್ಟನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಆಮೇಲೆ ಎರಡೂ ಕೈ ಹಿಂದಕ್ಕೆ ಒಯ್ದು ತುರುಬಿನ ಪಿನ್ನು ಕೀಳತೊಡಗಿದಳು.

ಸಂತೆಯ ದಿನ. ಎದುರಿಗೆ ಬಸ್ಸು, ಬಸ್ಸಿನ ಕಿಟಕಿಗಳ ತುಂಬ ಜನ, ಪಕ್ಕದಲ್ಲಿ ಚಹದಂಗಡಿ, ಅದರ ಬೆಂಚಿನ ತುಂಬ ಗಂಡಸರು. ಮನೆಯ ಹೆಂಗಸು ಪೇಟೆಬೀದಿಯಲ್ಲಿ ನಿಂತು ಕೂದಲು ಬಿಚ್ಚುವುದೆಂದರೆ ಸಾಮಾನ್ಯವಾಗಿರಲಿಲ್ಲ. ವಾಣಿಶ್ರೀಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪ ಏನಾದರೂ ಹೇಳುತ್ತಾನೆಂದು ಅವನ ಮುಖ ನೋಡಿದಳು. ಪರಮಶಿವಪ್ಪನ ಕಿವಿ ಕೆಂಪಾಗಿತ್ತು. ಅವನು ಅಂಗೈ ಚಾಚಿದ. ಅವಳು ಕಿತ್ತ ಒಂದೊಂದು ಪಿನ್ನನ್ನೂ ಅದರಲ್ಲಿ ಹಾಕುತ್ತ ಹೋದಳು.

ಕೂದಲನ್ನು ಕತ್ತಿನ ಬುಡದಲ್ಲಿ, ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ ಬರುವ ಹಾಗೆ ಜಡೆ ಹೆಣೆದಳು. ಮತ್ತೆ ಹಾಕಿಕೊಂಡಳು. ಕೆಂಪು ಹೆಲ್ಮೆಟ್ ಸರಾಗವಾಗಿ ಇಳಿದು ಹುಬ್ಬಿನ ಮೇಲೆ ನಿಂತಿತು. ಕೆನ್ನೆ ಎರಡೂ ಒತ್ತಿಕೊಂಡವು. ಹಿಡಿದು ತಿರುವಿದರೆ ಹಣೆಯ ಚರ್ಮವೂ ಜೊತೆಗೇ ಸರಿಯಿತು. ಹಿಂದಿನಿಂದ ಮೇಲಕ್ಕೆ ತಳ್ಳಿದಳು, ಏಳಲಿಲ್ಲ. ಗದ್ದದ ಪಟ್ಟಿಗೆ ಎರಡು ಬೆರಳು ತೂರಿಸಿ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು, "ಕಾಲು ಗಂಟೆ ಹೀಗೇ ಇರ್ತೀನಿ. ಹಣೆ ನೋಯುತ್ತಾ ನೋಡ್ಬೇಕು," ಎಂದಳು.

"ಅಕ್ಕಾರ, ಸೊರಬದ ಬಸ್ ಹೋಗ್ತೈತಿ," ಎಂದ ಮಹೇಶ್ವರಪ್ಪ.

"ಹೋಗ್ಲಿ. ಇನ್ನೊಂದು ಬರುತ್ತೆ."

ಕಾಲು ಗಂಟೆ ಕೂತಳು. ಚಹದಂಗಡಿಯವರು ನೋಡಿದರು, ಅವಳೂ ಅವರನ್ನು ನೋಡಿದಳು. ಕೊನೆಗೆ ಕಣ್ಣು ಕೆಳಗೆ ಮಾಡಿದವರು ಅವರೇ. ಆಗ ವಾಣಿಶ್ರೀಯ ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಈಕೆ ನನ್ನ ಅಮ್ಮ ಎಂದು ಆ ಬಸ್ಸಿನವರಿಗೆಲ್ಲ ಹೇಳಬೇಕು ಅನ್ನಿಸಿತು.

ಅವರು ಸೊರಬ ಮುಟ್ಟುವ ಮೊದಲೇ ಸುದ್ದಿ ಉಡುತಡಿ ತಲುಪಿತ್ತು. ನಾಲ್ಕನೆಯ ದಿನ ಉಚ್ಚಂಗಮ್ಮ ಬಂದು, ಬೀದಿಯಲ್ಲಿ ತಲೆ ಬಿಚ್ಚಿದ ಸೊಸೆಯನ್ನು ನಮ್ಮ ಮನೆತನ ಕಂಡಿರಲಿಲ್ಲ ಎಂದು ಹಾಡಿ ಹೋದಳು. ಐದು ವರ್ಷ ಪ್ರತಿ ಹಬ್ಬಕ್ಕೂ ಬಂದು ಅದನ್ನೇ ಹಾಡಿದಳು. ರಾಜೇಶ್ವರಮ್ಮ ಜಡೆಯನ್ನು ಬಿಡಲಿಲ್ಲ, ಅತ್ತಿಗೆಗೆ ಹೋಳಿಗೆ ಬಡಿಸುವುದನ್ನೂ ಬಿಡಲಿಲ್ಲ.

*

"ಅಕ್ಕ."

ಪರಮಶಿವಪ್ಪ ಬೆಳಗಿನಿಂದ ಆಡಿದ ಮೊದಲನೆಯ ಮಾತು ಅದು. ಒಳಗೆ ಬಂದು ಹೆಂಡತಿಯ ಪಕ್ಕ ಮಂಡಿಯೂರಿ ಕೂತಿದ್ದ.

"ತುರುಬು ಗೋಡೆಗೆ ತಗುಲಿ ತಲೆ ಮುಂದಕ್ಕೆ ಬರ್ತಿದೆ. ಅವತ್ತು ಅಂಗಡೀಲೂ ಅದೇ ಅಡ್ಡ ಬಂದಿದ್ದು. ಜನ್ಮವೆಲ್ಲ ಅಳತೆ ತೆಗೆದವನು ನಾನು, ಇವಳ ತಲೆ ಅಳತೇಲಿ ತಪ್ಪಿದೆ. ಅವಳು ತಪ್ಪಲಿಲ್ಲ. ಹೋಗೋವಾಗ ಮತ್ತೆ ನಾವು ತಪ್ಪೋದು ಬೇಡ."

ಉಚ್ಚಂಗಮ್ಮ ತಮ್ಮನನ್ನು ನೋಡಿದಳು. ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿದ್ದೇ ಇಲ್ಲ. ವಾಣಿಶ್ರೀ ಬಾಚಣಿಗೆಯನ್ನು ಅತ್ತೆಯ ಪಕ್ಕದಲ್ಲಿಟ್ಟಳು. ಅಂಗಳದಲ್ಲಿ ರಾಜಪ್ಪ ಬಿದಿರಿಗೆ ಹಗ್ಗ ಬಿಗಿಯುವ ಸದ್ದು ಕೇಳುತ್ತಿತ್ತು.

ಉಚ್ಚಂಗಮ್ಮ ಗೋಡೆಗೂ ಕತ್ತಿಗೂ ನಡುವೆ ತನ್ನ ಕೈ ತೂರಿಸಿದಳು. ಇಡೀ ಕೈ ಹೋಯಿತು. ಏನು ಯೋಚಿಸಿದಳೋ, ಅವಳ ಕಣ್ಣಿಂದ ಬೆಳಗಿನಿಂದ ಬಾರದಿದ್ದ ನೀರು ಬಂತು. ಆಮೇಲೆ ಒಂದೊಂದೇ ಪಿನ್ನು ಕಿತ್ತಳು.

"ಎಲ್ಲಿಗೆ ಬರ್ಬೇಕು ಜಡೆ?" ಎಂದು ವಾಣಿಶ್ರೀಯನ್ನು ಕೇಳಿದಳು.

"ಇಲ್ಲಿಗೆ ಅತ್ತೆ. ಕತ್ತಿನ ಬುಡಕ್ಕೆ. ಇನ್ನೂ ಕೆಳಗೆ."

"ಸಡಿಲ ಇರ್ಬೇಕಾ?"

"ಬಿಗಿ."

ಉಚ್ಚಂಗಮ್ಮ ಹೆಣೆದಳು. ಒಂದು ಕೂದಲೂ ಹೊರಗೆ ಉಳಿಯದ ಹಾಗೆ ಹೆಣೆದು, ಮಲ್ಲಿಗೆಯ ದಂಡೆಯನ್ನು ಜಡೆಯ ಉದ್ದಕ್ಕೆ ಸುತ್ತಿ ಎದೆಯ ಮೇಲೆ ಇಳಿಬಿಟ್ಟಳು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಒರಗಿಸಿದಳು. ತಲೆಯ ಹಿಂಭಾಗ ಗೋಡೆಗೆ ಪೂರ್ತಿ ತಾಗಿತು. ಪಟ್ಟಿಯನ್ನು ಹಗುರವಾಗಿ ಕಟ್ಟಿ ಕೈಬಿಟ್ಟಳು.

ರಾಜೇಶ್ವರಮ್ಮ ಎದುರಿನವರನ್ನು ನೋಡುವಂತೆ ನೆಟ್ಟಗೆ ಕೂತಿದ್ದಳು.

"ಹಾಂ, ಈಗ ನಮ್ಮ ಸಿಸ್ಟ್ರಮ್ಮ," ಎಂದಳು ಗುಡ್ಡಮ್ಮ. ಹೀಗೆ ಹೇಳಿ ಬಿಕ್ಕಿ ಅಳತೊಡಗಿದಳು.

ಎರಡು ಗಂಟೆಗೆ ಅಯ್ಯನವರು ಬಂದು ವಿಧಿ ಮುಗಿಸಿದರು. ವಿಮಾನ ಎದ್ದಾಗ ಮನೆಯ ಮುಂದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಉಡುತಡಿಯ ಜನವೂ ಬಂದಿದ್ದರು. ಅವರಲ್ಲಿ ಉಚ್ಚಂಗಮ್ಮನ ಓರಗಿತ್ತಿ ಲೋಕಮ್ಮನೂ ಇದ್ದಳು; ಅವಳ ಬಾಯಿಗೆ ಸಿಕ್ಕವರು ಉಳಿಯುವುದು ಕಷ್ಟ ಎಂದು ಉಚ್ಚಂಗಮ್ಮನೇ ಹೇಳುತ್ತಿದ್ದಳು. ಲೋಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಓರಗಿತ್ತಿಯ ಪಕ್ಕದಲ್ಲಿ ನಡೆಯುತ್ತ, ಮೇಲೆ ನೋಡಿ ಹುಬ್ಬು ಗಂಟಿಕ್ಕಿದಳು.

"ಅಲ್ಲಕ್ಕಾ, ಮುತ್ತೈದೆಗೆ ತುರುಬು ಬ್ಯಾಡೇನು? ಯಾರು ಹಾಕಿದ್ದು ಆ ಜಡೆ?"

ಅಷ್ಟರಲ್ಲಿ ಪೇಟೆಯ ತಿರುವಿನ ಚರಂಡಿ ಬಂತು. ಮುಂದಿನ ಹೆಗಲಿನವನ ಕಾಲು ಜಾರಿ ವಿಮಾನ ಒಂದು ಪಕ್ಕಕ್ಕೆ ವಾಲಿತು. ಬಾಳೆಕಂದು ಬಾಗಿತು, ಚೆಂಡುಹೂವು ಉದುರಿದವು, ಹೆಂಗಸರು ಬಾಯಿ ಮುಚ್ಚಿಕೊಂಡರು. ಎಲ್ಲರೂ ಕತ್ತೆತ್ತಿ ನೋಡಿದರು. ವಾಲಿದ ವಿಮಾನದಲ್ಲಿ ರಾಜೇಶ್ವರಮ್ಮನ ತಲೆ ಒಂದು ನೂಲಿನಷ್ಟೂ ಅಲ್ಲಾಡಿರಲಿಲ್ಲ.

"ನಾನು," ಎಂದಳು ಉಚ್ಚಂಗಮ್ಮ. ಹಿಂದೆ ಬರುತ್ತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ನಾನೇ ಹೆಣೆದಿದ್ದು."

ಹೆಗಲುಗಳು ಸರಿಹೋದವು. ವಿಮಾನ ನೆಟ್ಟಗಾಗಿ, ಜನರ ತಲೆಗಳ ಮೇಲೆ, ರಸ್ತೆಗೆ ನೇರ ಮುಖ ಮಾಡಿಕೊಂಡು ರಾಜೇಶ್ವರಮ್ಮ ಮುಂದೆ ಸಾಗಿದಳು.